ಆಡಿ ಮುಗಿಸಿದ ಮೇಲೆ

ಕಾದಂಬರಿಯನ್ನು ಓದಿ ಮುಗಿಸಿದವನಿಗೆ ತಾನೊಂದು ಕಥೆಯನ್ನು ಕೇಳಿದೆನೆಂದೂ, ವಿಡಿಯೋ ಗೇಮನ್ನು ಆಡಿ ಮುಗಿಸಿದವನಿಗೆ ತಾನೇ ಒಂದು ಕಾರ್ಯವನ್ನು ಸಾಧಿಸಿದೆನೆಂದೂ ಅನ್ನಿಸುವುದು ಸಹಜ. ಆದರೆ ಈ ಎರಡನೆಯ ಅನ್ನಿಸಿಕೆ ಎಷ್ಟರಮಟ್ಟಿಗೆ ಸತ್ಯ, ಎಷ್ಟರಮಟ್ಟಿಗೆ ಆತ್ಮವಂಚನೆ ಎಂಬುದು ವಿಚಾರಣೀಯ. ಏಕೆಂದರೆ ಬಹುಪಾಲು ಆಟಗಳಲ್ಲಿ ಕಾಲಕ್ರಮದಿಂದ ಬಲಿಷ್ಠನಾಗುವವನು ತೆರೆಯ ಮೇಲಣ ನಾಯಕನೇ ಹೊರತು ಕುರ್ಚಿಯಲ್ಲಿ ಕುಳಿತ ಆಟಗಾರನಲ್ಲ. ನಾಯಕನ ಖಡ್ಗ ಹರಿತವಾಗುತ್ತದೆ, ಕವಚ ದಪ್ಪವಾಗುತ್ತದೆ, ಆಯುಸ್ಸಿನ ಪಟ್ಟಿ ಉದ್ದವಾಗುತ್ತದೆ. ಆಟಗಾರನಾದರೋ ಆರಂಭದಲ್ಲಿ ಹೇಗಿದ್ದನೋ ಬಹುಮಟ್ಟಿಗೆ ಹಾಗೆಯೇ ಉಳಿದು, ಹೆಬ್ಬೆರಳ ನೋವೊಂದನ್ನು ಮಾತ್ರ ಹೆಚ್ಚಿಗೆ ಸಂಪಾದಿಸಿರುತ್ತಾನೆ. ಕಳೆದ ಕೆಲವು ತಿಂಗಳುಗಳಲ್ಲಿ ನಾನು ಮುಗಿಸಿದ ಆಟಗಳನ್ನು (ಲೋಕಕ್ಕೆ ಅವು ಹಳೆಯವು, ನನಗೆ ಹೊಸವು) ಈ ಒಂದು ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ತೋರಿತು.

ಗಾತ್ರದಲ್ಲಿ ಹಿರಿದಾದುದನ್ನು ಮೊದಲು ಹೇಳಿಬಿಡುತ್ತೇನೆ. 2018ರಲ್ಲಿ ಹೊರಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ 1899ರ ಅಮೆರಿಕದ ಕಥೆ. ಬಂದೂಕಿನ ರಾಜ್ಯಭಾರ ಮುಗಿದು ಕಾನೂನಿನ ರಾಜ್ಯಭಾರ ಮೊದಲಾಗುತ್ತಿರುವ ಸಂಧಿಕಾಲದಲ್ಲಿ, ಡಚ್ ಎಂಬ ವಾಚಾಳಿ ನಾಯಕನನ್ನು ನಂಬಿ ಕೆಟ್ಟ ಆರ್ಥರ್ ಮಾರ್ಗನ್ ಎಂಬ ದರೋಡೆಗಾರನ ಅವಸಾನದ ಕಥೆ. ಅದರ ಪ್ರಪಂಚನಿರ್ಮಾಣವನ್ನು ಹೊಗಳದಿರುವುದು ಕೃತಘ್ನತೆಯಾದೀತು: ಹಿಮದಲ್ಲಿ ನಡೆದವನ ಹೆಜ್ಜೆಯ ಜಾಡು ಹಿಂದೆ ಉಳಿಯುತ್ತದೆ, ಮೇವಿಕ್ಕಿ ಮೈಯುಜ್ಜಿದಷ್ಟೂ ಕುದುರೆ ಸವಾರನಿಗೆ ಒಗ್ಗುತ್ತದೆ. ಆದರೆ ಕಥೆಯ ಪ್ರಸಂಗ ಆರಂಭವಾದೊಡನೆ ಈ ಔದಾರ್ಯವೆಲ್ಲ ಎಲ್ಲಿಯೋ ಅಡಗಿಹೋಗಿ, ಇಂಥ ಬಂಡೆಯ ಮರೆಗೇ ಹೋಗು, ಇಂಥವನನ್ನೇ ಹಿಂಬಾಲಿಸು ಎಂಬ ಆಜ್ಞೆಗಳ ಸರಪಳಿ ಬಿಗಿಯುತ್ತದೆ. ತುಸು ಬಳಸುದಾರಿ ಹಿಡಿದವನಿಗೆ ಕಾರ್ಯ ವಿಫಲವಾಯಿತೆಂಬ ಘೋಷಣೆಯೇ ಉತ್ತರ. ಆರ್ಥರನ ಕೆಮ್ಮು ಕೇಳಿದಾಗಲೆಲ್ಲ ನಾನು ಮರುಗಿದುದುಂಟು. ಅದು ಒಳ್ಳೆಯ ನಾಟಕವನ್ನು ನೋಡುವ ಪ್ರೇಕ್ಷಕನ ಮರುಕ.

ಇದಕ್ಕೆ ತದ್ವಿರುದ್ಧವಾದುದು, ಅದೇ ವರ್ಷ ಹೊರಬಂದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’. ಲ್ಯೂಕಸ್ ಪೋಪ್ ಎಂಬೊಬ್ಬನೇ ಬಹುಮಟ್ಟಿಗೆ ಕಟ್ಟಿದ ಈ ಕೃತಿಯಲ್ಲಿ ಬಣ್ಣವೆಂಬುದೇ ಇಲ್ಲ. ಹಿಂದಿನ ಕಾಲದ ಮ್ಯಾಕಿಂಟೋಷ್ ಗಣಕಗಳ ತೆರೆಯಂತೆ ಸಕಲವೂ ಚುಕ್ಕೆ ಮತ್ತು ಗೆರೆ, ಕಪ್ಪು ಮತ್ತು ಬಿಳುಪು. 1803ರಲ್ಲಿ ಕಣ್ಮರೆಯಾದ ವ್ಯಾಪಾರದ ಹಡಗೊಂದು 1807ರಲ್ಲಿ ಒಬ್ಬ ನಾವಿಕನೂ ಇಲ್ಲದೆ ಇಂಗ್ಲೆಂಡಿನ ಫಾಲ್ಮತ್ ಬಂದರಿನ ಬಳಿ ತೇಲಿಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರೀಕ್ಷಕನಾದ ಆಟಗಾರನು ಹಡಗನ್ನೇರಿ, ಅದರಲ್ಲಿದ್ದ ಅರವತ್ತು ಜನರಲ್ಲಿ ಯಾರಿಗೆ ಯಾವ ಗತಿಯಾಯಿತು, ಯಾರಿಂದಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ತುಂಬಬೇಕು. ಅವನ ಬಳಿಯಿರುವ ಕಿಸೆಗಡಿಯಾರವನ್ನು ಅಸ್ಥಿಯೊಂದರ ಮುಂದೆ ತೆರೆದರೆ ಮೊದಲು ಕತ್ತಲಲ್ಲಿ ಆ ಮನುಷ್ಯನ ಕಡೆಯ ಕ್ಷಣಗಳ ಮಾತು, ಕೂಗು, ಮರ ಸೀಳುವ ಸದ್ದು ಕೇಳುತ್ತವೆ. ಆಮೇಲೆ ಸಾವಿನ ಆ ಒಂದು ಕ್ಷಣ ಕಲ್ಲಿನ ಶಿಲ್ಪದಂತೆ ನಿಶ್ಚಲವಾಗಿ ನಿಲ್ಲುತ್ತದೆ, ಆಟಗಾರನು ಅದರ ನಡುವೆ ಸುತ್ತಾಡಬಹುದು. ಗಡಿಯಾರವು ಮೃತ್ಯುವನ್ನು ತೋರಿಸುತ್ತದೆಯೇ ವಿನಾ ಹೆಸರನ್ನು ಹೇಳುವುದಿಲ್ಲ. ಹೆಸರನ್ನು ನಾವೇ ಹುಡುಕಬೇಕು: ತೂಗುಹಾಸಿಗೆಯ ಮೇಲೆ ಬರೆದ ಅಂಕಿ ನಾವಿಕರ ಪಟ್ಟಿಯ ಯಾವ ಅಂಕಿಗೆ ಸರಿಹೋಗುತ್ತದೆ, ಯಾರ ಉಚ್ಚಾರಣೆ ಯಾವ ದೇಶದ್ದು, ಹಾಸಿಗೆಯಿಂದ ಹೊರಚಾಚಿದ ಕಾಲಿನಲ್ಲಿ ಎಂಥ ಪಾದರಕ್ಷೆಯಿದೆ ಎಂದು. ಮೂವರ ಗತಿಯನ್ನು ನಿರ್ದುಷ್ಟವಾಗಿ ಬರೆದಾಗ ಮಾತ್ರ ಪುಸ್ತಕವು ಅವನ್ನು ಮುದ್ರೆಯೊತ್ತಿ ಸ್ವೀಕರಿಸುವುದರಿಂದ ಊಹೆಯ ಕಲ್ಲನ್ನು ಕತ್ತಲಲ್ಲಿ ಬೀಸುವವನಿಗೆ ಇಲ್ಲಿ ಹೆಚ್ಚು ಫಲವಿಲ್ಲ. ಕಡೆಯ ಹತ್ತು ಹನ್ನೆರಡು ಜನರ ವಿಷಯದಲ್ಲಿ ನಾನೂ ಅಂಥ ಕಲ್ಲನ್ನು ಬೀಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಅದು ಕೃತಿಯ ದೋಷವೋ ನನ್ನ ತಾಳ್ಮೆಯ ದೋಷವೋ ನಿಶ್ಚಯಿಸಲಾರೆ.

ಪಟ್ಟಿಯಲ್ಲಿ ಭಾರತೀಯ ನಾವಿಕರೂ ಇದ್ದಾರೆ. ಅವರಲ್ಲಿಬ್ಬರು ಪ್ರಯಾಣದ ಆದಿಭಾಗದಲ್ಲಿಯೇ, ಹಡಗಿನ ಕೆಳ ಅಂತಸ್ತಿನಲ್ಲಿ, ರೋಗದಿಂದ ಸಾಯುತ್ತಾರೆ. ಆಮೇಲೆ ಬರುವ ದಂಗೆ ಮತ್ತು ಅದ್ಭುತಗಳ ಕೋಲಾಹಲದಲ್ಲಿ ಆ ಎರಡು ಸಾವುಗಳು ಅತ್ಯಂತ ಸಾಮಾನ್ಯವೆನಿಸುತ್ತವೆ. ಆದರೆ ಕಟ್ಟಕಡೆಗೆ ಕಂಪನಿಯು ಒಬ್ಬೊಬ್ಬನ ವಾರಸುದಾರರಿಗೆ ಇಷ್ಟು ಪರಿಹಾರ, ಇಷ್ಟು ದಂಡ ಎಂದು ಪೌಂಡುಗಳಲ್ಲಿ ಲೆಕ್ಕ ಹಾಕುವಾಗ, ಅರವತ್ತು ಮುಖಗಳನ್ನು ಗುರುತಿಸಿದ ನನಗೆ ನಾನು ಯಾರ ನೌಕರನಾಗಿದ್ದೆನೆಂಬುದು ಥಟ್ಟನೆ ನೆನಪಾಯಿತು. ಗ್ರಂಥಕರ್ತನು ಈ ವ್ಯಂಗ್ಯವನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ನಡುವೆ ಎರಡು ಸಣ್ಣ ಆಟಗಳು. ಪುಣೆಯಲ್ಲಿ ನಿರ್ಮಿತವಾದ ‘ರಾಜಿ’ (2020) ರಾಜಸ್ಥಾನದ ಕೋಟೆಗಳನ್ನೂ ತೊಗಲುಗೊಂಬೆಯ ನೆರಳಾಟವನ್ನೂ ಕಣ್ಣಿಗೆ ಹಬ್ಬವಾಗುವಂತೆ ಬಳಸಿಕೊಂಡಿದ್ದರೂ, ಅದರ ಕಾಳಗಗಳು ಏಕತಾನದವು, ಅಂತ್ಯವೋ ಪ್ರಸಂಗದ ಮಧ್ಯೆ ಭಾಗವತ ಎದ್ದುಹೋದಂತೆ. ಟೊರಾಂಟೊದ ‘ವೆಣ್ಬಾ’ (2023) ಒಂದು ಸಂಜೆಗೆ ಮುಗಿಯುತ್ತದೆ. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ಗೃಹಿಣಿಯೊಬ್ಬಳು ತಾಯಿಯ ಅಡುಗೆಪುಸ್ತಕದಲ್ಲಿ ಕಲೆಬಿದ್ದು ಅಳಿಸಿಹೋದ ಭಾಗಗಳನ್ನು ಊಹಿಸಿ ಅಡುಗೆ ಮಾಡುವುದೇ ಇಲ್ಲಿಯ ಆಟ. ಇಡ್ಲಿಯ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕೆಂಬುದು ಅನ್ಯದೇಶದ ಆಟಗಾರನಿಗೆ ಗಹನವಾದ ಸಮಸ್ಯೆ. ನನಗೆ ಅದು ಸಮಸ್ಯೆಯೇ ಆಗಲಿಲ್ಲ, ಏಕೆಂದರೆ ಅದರ ಉತ್ತರವನ್ನು ನಮ್ಮ ಮನೆಯ ಅಡುಗೆಯೊಲೆಯ ಮುಂದೆ ಎಂದೋ ಕಲಿತಿದ್ದೆ. ಆಟವಾಗಿ ಅದು ನನಗೆ ಸೋತಿತು, ಸೋತದ್ದರಿಂದಲೇ ಹತ್ತಿರವಾಯಿತು.

‘ಔಟರ್ ವೈಲ್ಡ್ಸ್’ (2019) ವಿಷಯಕ್ಕೆ ಬಂದಾಗ ವಿಮರ್ಶಕನ ಕೈ ಕಟ್ಟಿಹಾಕಿದಂತಾಗುತ್ತದೆ. ಹೆಚ್ಚು ಹೇಳಿದರೆ ಓದುಗನ ಬಾಯಿಯ ತುತ್ತನ್ನು ಕಸಿದ ಪಾಪ ತಟ್ಟುತ್ತದೆ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬನ ಪ್ರಬಂಧಕೃತಿಯಾಗಿ ಹುಟ್ಟಿ ಬೆಳೆದ ಈ ಆಟದಲ್ಲಿ ಒಂದು ಪುಟ್ಟ ಸೌರವ್ಯೂಹವಿದೆ. ಇಪ್ಪತ್ತೆರಡು ನಿಮಿಷಗಳಲ್ಲಿ ಅದರ ಸೂರ್ಯ ಸಿಡಿದು ಸಕಲವೂ ಭಸ್ಮವಾಗುತ್ತದೆ, ಮತ್ತು ನಾಯಕನು ಬೆಂಕಿಯ ಪಕ್ಕದಲ್ಲಿ ಮತ್ತೆ ಕಣ್ಣು ತೆರೆಯುತ್ತಾನೆ. ಒಂದು ಗ್ರಹದ ಮರಳು ಅವಳಿ ಗ್ರಹದೊಳಕ್ಕೆ ಗಳಿಗೆಬಟ್ಟಲಿನಂತೆ ಸುರಿದು ಗುಹೆಗಳನ್ನು ತುಂಬುತ್ತದೆ. ಇನ್ನೊಂದರ ಹೊರಪದರ ತುಂಡುತುಂಡಾಗಿ ತನ್ನ ಗರ್ಭದ ಕೃಷ್ಣರಂಧ್ರಕ್ಕೆ ಬೀಳುತ್ತದೆ. ಅಳಿದುಹೋದ ಜನಾಂಗವೊಂದು ಸುರುಳಿಸುರುಳಿಯಾಗಿ ಗೋಡೆಗಳ ಮೇಲೆ ಬರೆದಿಟ್ಟ ಸಂಭಾಷಣೆಗಳನ್ನು ಓದಬೇಕು. ಒಂದೊಂದು ಜನ್ಮದಿಂದ ಮುಂದಿನದಕ್ಕೆ ಆಯುಧವಿಲ್ಲ, ಧನವಿಲ್ಲ, ತಿಳಿದದ್ದೊಂದೇ ದಾಟಿಬರುತ್ತದೆ. ಎಲ್ಲವನ್ನೂ ಬಲ್ಲವನು ಆ ಒಂದೇ ಸುತ್ತಿನಲ್ಲಿ ಆಟವನ್ನು ಮುಗಿಸಬಲ್ಲ; ನನಗೆ ಬೇಕಾದದ್ದು ಮೂರು ವಾರ. ಮರಳು ಇಳಿಯಲೆಂದು ಕಾಯುತ್ತ ಕುಳಿತ ಬೇಸರವನ್ನೂ, ಬಾಗಿಲ ಬಳಿ ಬಂದಾಗಲೇ ಸೂರ್ಯ ಸಿಡಿದ ಕೋಪವನ್ನೂ ಮರೆಮಾಚುವುದಿಲ್ಲ. ಆದರೂ ಬೇರೆ ಬೇರೆ ಗ್ರಹಗಳಲ್ಲಿ ಒಂಟಿಯಾಗಿ ಕುಳಿತವರು ನುಡಿಸುವ ಬ್ಯಾಂಜೋ, ಕೊಳಲು, ತಾಳವಾದ್ಯಗಳು, ದೂರದ ಆಕಾಶದಿಂದ ಕಿವಿಗೊಟ್ಟಾಗ ಒಂದೇ ರಾಗವಾಗಿ ಕೂಡಿಕೊಂಡ ಗಳಿಗೆಗೆ ಸಮನಾದದ್ದನ್ನು ಈ ಮಾಧ್ಯಮದಲ್ಲಿ ನಾನು ಕಂಡಿಲ್ಲ.

ಇಂಥ ಆಟವನ್ನು ಎರಡನೆಯ ಸಲ ಆಡಲಾಗದು. ತಿಳಿದದ್ದನ್ನು ಮರೆಯುವ ಗುಂಡಿ ಅದರಲ್ಲಿಲ್ಲ. ಈಗ ನಮ್ಮಣ್ಣನ ಮಗ ಅದನ್ನು ಆಡುತ್ತಿದ್ದಾನೆ, ನಾನು ಅವನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನಿನ್ನೆ ಅವನು ತೀರ ತಪ್ಪಾದ ಗ್ರಹದ ಕಡೆಗೆ ನೌಕೆಯನ್ನು ತಿರುಗಿಸಿ, “ಚಿಕ್ಕಪ್ಪ, ಇಲ್ಲಿಗೆ ಹೋದರೆ ಏನಾದರೂ ಸಿಗುತ್ತದೆಯೆ?” ಎಂದು ಕೇಳಿದನು. ನನಗೆ ಕೆಮ್ಮು ಬಂದಂತಾಗಿ, ನೀರು ಕುಡಿಯುವ ನೆವದಿಂದ ಎದ್ದು ಒಳಕ್ಕೆ ಹೋದೆನು.