‘ಹಳಿಬದಿ’: ಅರ್ಥ ಮತ್ತು ಪ್ರಯೋಗ

ಬೇಲೂರಿಗೂ ಹಳೇಬೀಡಿಗೂ ನಡುವೆ ಸುಮಾರು 16 ಕಿಲೋಮೀಟರುಗಳ ಅಂತರವುಂಟು. ಆದರೂ ‘ಬೇಲೂರಿನ ಬಳಿ ಹಳೇಬೀಡು’ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ‘ಬಳಿ’ ಎಂಬ ಮಾತಿನ ಹರವು ಅಷ್ಟು ದೊಡ್ಡದು. ‘ಬದಿ’ಯಾದರೋ ವಸ್ತುವಿನ ಅಂಚಿಗೆ ಹೊಂದಿಕೊಂಡೇ ಇರಬೇಕು. ರೈಲುಹಳಿಯ ವಿಷಯವಾಗಿ ಬರೆಯುವವರು ಈ ಭೇದವನ್ನು ಮರೆತು ‘ಹಳಿಯ ಬಳಿ’, ‘ಹಳಿಯ ಮೇಲೆ’, ‘ಹಳಿಬದಿ’ ಎಂಬ ಮೂರನ್ನೂ ಒಂದೇ ಅರ್ಥದಲ್ಲಿ ಪ್ರಯೋಗಿಸುವುದುಂಟು. ಇದು ವಿಚಾರಾರ್ಹವಾದ ಸಂಗತಿ.

ಹಳಗನ್ನಡದ ‘ಬೞಿ’ಗೆ ದಾರಿ ಎಂಬ ಅರ್ಥವೂ ಇದ್ದಿತು; ತಮಿಳಿನ ‘ವೞಿ’ ಇಂದಿಗೂ ದಾರಿಯೇ. ದಾರಿ ಹಿಡಿದು ಹಿಂಬಾಲಿಸುವುದರಿಂದ ‘ಬಳಿಕ’ವೂ, ಹಿಂಬಾಲಿಸುವವನು ಸಮೀಪದಲ್ಲಿರುವುದರಿಂದ ಈಗಿನ ಅರ್ಥವೂ ಬಂದುವೆನ್ನಬಹುದು. ಹೊಯ್ಸಳರ ಕಾಲಕ್ಕಾಗಲೇ ೞಕಾರದ ಬಳಕೆ ಸಡಿಲಿತ್ತು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಂಥ ಮಾತುಗಳನ್ನು ಬೇರೆಯಾಗಿ ಹೇಳಬೇಕಾಯಿತು. ಅಕ್ಷರದೊಡನೆ ದಾರಿಯೂ ಮರೆತುಹೋಗಿ, ಇಂದಿನ ‘ಬಳಿ’ಯಲ್ಲಿ ಸಾಮೀಪ್ಯವೊಂದೇ ಉಳಿದಿದೆ.

ಆದಕಾರಣ ಹಳಿಯ ಅಂಚನ್ನೇ ಹೇಳಬೇಕಾದಲ್ಲಿ ‘ಹಳಿಬದಿ’ಯೇ ಯುಕ್ತವಾದ ಪದ. ‘ದಾರಿಬದಿ’, ‘ಬೀದಿಬದಿ’, ‘ರಸ್ತೆಬದಿ’ಗಳಂತೆ ಇದೂ ಷಷ್ಠೀ ತತ್ಪುರುಷ, ‘ಲೋಹಪಥಪಾರ್ಶ್ವ’ವೆಂದು ಹೆಣಗಬೇಕಾಗಿಲ್ಲ. ಆದರೆ ರೂಪವೊಂದಾದರೂ ಭಾವ ಬೇರೆ. ದಾರಿಬದಿಯಲ್ಲಿ ದಣಿದವನು ಕುಳಿತುಕೊಳ್ಳುತ್ತಾನೆ; ಬೀದಿಬದಿಯಲ್ಲಿ ವ್ಯಾಪಾರ ನಡೆಯುತ್ತದೆ; ಅಲ್ಲಿ ಬರುವ ಬಂಡಿಯು ಓರೆಯಾಗಿ ಸಾಗಬಲ್ಲದು. ರೈಲು ಹಾಗೆ ಸರಿಯಲಾರದು. ಹಳಿಬದಿಯು ವಿಶ್ರಾಂತಿಯ ಎಡೆಯಲ್ಲ, ಎಚ್ಚರದ ಎಡೆ. ಕೆಲಸ ನಿಲ್ಲಿಸಿ, ಗಾಡಿಗೆ ದಾರಿ ಬಿಟ್ಟು ನಿಲ್ಲುವ ಗ್ಯಾಂಗ್‌ಮನ್ನನೇ ಈ ಪದದ ಅರ್ಥವನ್ನು ಚೆನ್ನಾಗಿ ಬಲ್ಲವನು.

ಊರುಗಳಿಗೂ ಈ ವಿವೇಕ ಅನ್ವಯಿಸುತ್ತದೆ. ಅರಸೀಕೆರೆಯ ಶಿವಾಲಯ 1220ರದು. ರೈಲು ಬಂದುದು 1880ರ ದಶಕದಲ್ಲಿ. ಹಾಸನದ ಹಳಿಯೂ ಕೂಡಿ ಜಂಕ್ಷನ್ ಆದ ಆ ಪಟ್ಟಣವನ್ನು ‘ಹಳಿಬದಿಯ ಊರು’ ಎನ್ನುವುದು ಸಾರ್ಥಕ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳ ಗುಡಿಗಳಿಗೆ ಅಲ್ಲಿ ರೈಲಿಳಿದವರು ರಸ್ತೆ ಹಿಡಿಯಬೇಕು. ಅವುಗಳನ್ನು ರೈಲಿನ ‘ಬಳಿ’ಯವೆಂದು ಹೇಳಬಹುದು, ‘ಬದಿ’ಯವೆಂದು ಹೇಳಲಾಗದು.

ಇದು ಕೇವಲ ವೈಯಾಕರಣರ ಚರ್ಚೆಯಲ್ಲ. ಒಬ್ಬನ ದೇಹವು ‘ಹಳಿಯ ಮೇಲೆ’ ದೊರೆಯಿತೆಂದು ಬರೆದರೆ ಓದುವವರ ಮನಸ್ಸು ಆತ್ಮಹತ್ಯೆಯನ್ನು ಶಂಕಿಸುತ್ತದೆ. ‘ಹಳಿಬದಿಯಲ್ಲಿ’ ಎಂದರೆ ಗಾಡಿಯಿಂದ ಬಿದ್ದಿರಬಹುದೆಂದು ಮರುಗುತ್ತದೆ. ಮನೆಯವರು ಬಾಳಿನುದ್ದಕ್ಕೂ ಹೊರಬೇಕಾದ ಮಾತು ಅದು. ಬರೆಯುವವನು ಒಂದು ಪ್ರತ್ಯಯದಲ್ಲಿ ಎಡವಿದರೂ ಸತ್ತವನಿಗೆ ಅನ್ಯಾಯವಾಗುತ್ತದೆ.