ಎಣಿಕೆಗೆ ಸಿಗದ ಮಕ್ಕಳು

ಗೋವಾ, ಮಕ್ಕಳು, ದೌರ್ಜನ್ಯ ಎಂದೊಡನೆ ಹಲವರಿಗೆ ಫ್ರೆಡಿ ಪೀಟ್ಸ್ ನೆನಪಾಗುತ್ತಾನೆ. ಅನಾಥ ಮಕ್ಕಳಿಗೆ ಆಶ್ರಯವೆಂದು ಮಡಗಾಂವ್‌ನಲ್ಲಿ ‘ಗುರುಕುಲ’ ನಡೆಸುತ್ತಿದ್ದ ಅವನನ್ನು 1991ರಲ್ಲಿ ಬಂಧಿಸಿದಾಗ ಸಿಕ್ಕ ಅಶ್ಲೀಲ ಫೋಟೊ, ನೆಗೆಟಿವ್‌ಗಳು ಎರಡು ಸಾವಿರಕ್ಕೂ ಹೆಚ್ಚು. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ವಿದೇಶಿಯರೂ ಸೇರಿದ್ದ ಆ ಪ್ರಕರಣ ಒಂದು ತಪ್ಪು ನಂಬಿಕೆಯನ್ನೂ ಬಿಟ್ಟುಹೋಯಿತು: ಕೇಡು ಹೊರಗಿನಿಂದ, ಪರದೇಶದವರಿಂದ ಬರುತ್ತದೆ ಎಂಬ ನಂಬಿಕೆ.

ಅದನ್ನು ಅಲುಗಾಡಿಸಿದ್ದು 2001ರಲ್ಲಿ ಪ್ರಕಟವಾದ, ಸಂಶೋಧಕರಾದ ವಿಕ್ರಮ್ ಪಟೇಲ್ ಮತ್ತು ಗ್ರೇಸಿ ಆಂಡ್ರೂ ಅವರ ಅಧ್ಯಯನ. ಗೋವಾದ 8 ಹೈಯರ್ ಸೆಕೆಂಡರಿ ಶಾಲೆಗಳ 811 ವಿದ್ಯಾರ್ಥಿಗಳನ್ನು ಅವರು ನೇರವಾಗಿ ಕೇಳಿದರು. ಹಿಂದಿನ 12 ತಿಂಗಳಲ್ಲಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಮೂರರಲ್ಲಿ ಒಬ್ಬರು. ಬಲವಂತದ ಸಂಭೋಗಕ್ಕೆ ಗುರಿಯಾದವರು ಶೇ. 6. ಹೆಚ್ಚಿನ ಪ್ರಕರಣಗಳಲ್ಲಿ ತಪ್ಪಿತಸ್ಥರು ಹಿರಿಯ ವಿದ್ಯಾರ್ಥಿಗಳು, ಗೆಳೆಯರು. ಕೇಡು ಪಕ್ಕದ ಬೆಂಚಿನಲ್ಲೇ ಕೂತಿತ್ತು.

ಈ ಅಧ್ಯಯನದ ದೊಡ್ಡ ಗುಣವೆಂದರೆ ಅದು ಘಟನೆಯನ್ನು ಎಣಿಸಿ ಕೈತೊಳೆದುಕೊಳ್ಳಲಿಲ್ಲ. ಬಲವಂತಕ್ಕೆ ಒಳಗಾದ ಮಕ್ಕಳ ಓದು ಹಿಂದೆ ಬಿದ್ದಿತ್ತು, ಮನಸ್ಸಿನ ಜೊತೆಗೆ ಮೈಯ ಆರೋಗ್ಯವೂ ಕುಂದಿತ್ತು, ಅಮಲಿನ ಅಭ್ಯಾಸ ಹೆಚ್ಚಿತ್ತು, ತಂದೆತಾಯಿಯ ಜೊತೆಗಿನ ನಂಟು ಸಡಿಲವಾಗಿತ್ತು. ಅಮೆರಿಕದಲ್ಲಿ 1998ರಲ್ಲಿ ವಿನ್ಸೆಂಟ್ ಫೆಲಿಟಿ ತಂಡ 9,508 ವಯಸ್ಕರಿಂದ ಇದೇ ಬಗೆಯ ಸತ್ಯ ಹೊರತೆಗೆದಿತ್ತು: ಬಾಲ್ಯದ ನೋವು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದ್ರೋಗ ಹೆಚ್ಚು. ಅಲ್ಲಿ ಕೇಳಿದ್ದು ದಶಕಗಳ ಹಿಂದಿನ ನೆನಪನ್ನು. ಗೋವಾದಲ್ಲಿ ಕೇಳಿದ್ದು ಗಾಯ ಇನ್ನೂ ಹಸಿಯಾಗಿರುವಾಗ.

ಈ ಹಸಿ ಗಾಯ ಹೇಗೆ ಕಾಣುತ್ತದೆ? ಸೋಮವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡ ಹುಡುಗಿ ಹೊಟ್ಟೆ ಹಿಡಿದು ಕೂರುತ್ತಾಳೆ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ. ಜಂತುಹುಳದ ಮಾತ್ರೆ ಕೊಡುತ್ತಾರೆ, ಮುಂದಿನ ವಾರ ಮತ್ತೆ ಅದೇ ನೋವು. ‘ಶಾಲೆ ತಪ್ಪಿಸೋಕೆ ನಾಟಕ’ ಎನ್ನುತ್ತಾರೆ ಮನೆಯವರು. ಸದಾ ಹೆದರಿ ಕಾಯುವ ಮೈ ನಿದ್ದೆ, ಹಸಿವು, ಏಕಾಗ್ರತೆ ಎಲ್ಲವನ್ನೂ ಕಳೆದುಕೊಳ್ಳುತ್ತದೆ. ಆ ನೋವು ನಾಟಕವಲ್ಲ, ಬಾಯಿಗೆ ಬಾರದ ಮಾತು.

ಅಧ್ಯಯನಕ್ಕೆ ಮಿತಿಗಳಿವೆ. ಒಂದೇ ಸಲ ಕೇಳಿದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದು ಖಚಿತವಾಗಿ ಹೇಳಲಾರದು. ಅದಕ್ಕಿಂತ ದೊಡ್ಡ ಕೊರತೆ, ಶಾಲೆಯ ಮೆಟ್ಟಿಲು ಹತ್ತದವರು ಅದರಲ್ಲಿಲ್ಲ. ಕಲಂಗುಟ್ ಕಡಲತೀರದ ಮರಳಿನಲ್ಲಿ ಮಣಿಸರ ಮಾರುವ, ವಾಸ್ಕೋದ ಬೈನಾ, ಝುವಾರಿನಗರದ ಇಕ್ಕಟ್ಟಿನ ಮನೆಗಳಲ್ಲಿ ಬೆಳೆಯುವ ಮಕ್ಕಳಲ್ಲಿ ಎಷ್ಟೋ ಮಂದಿ ನಮ್ಮ ಉತ್ತರ ಕರ್ನಾಟಕದಿಂದ ದುಡಿಯಲು ಹೋದವರ ಮಕ್ಕಳು. ಕನ್ನಡದಲ್ಲಿ, ಲಂಬಾಣಿಯಲ್ಲಿ ಅಳುವ ಮಕ್ಕಳು.

2003ರ ಗೋವಾ ಮಕ್ಕಳ ಕಾಯ್ದೆಗೆ ಮೆಚ್ಚುಗೆ ಸಲ್ಲಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕೇಂದ್ರದ ಪೋಕ್ಸೋ ಕಾಯ್ದೆಗಿಂತ 9 ವರ್ಷ ಮೊದಲೇ ಅದು ಮಕ್ಕಳ ನ್ಯಾಯಾಲಯ ತಂದಿತು, ಶಾಲೆಯಲ್ಲಿ ಹೊಡೆತ ನಿಷೇಧಿಸಿತು. ಮಕ್ಕಳ ಅಶ್ಲೀಲ ಚಿತ್ರ ಕಂಡರೆ ಪೊಲೀಸರಿಗೆ ತಿಳಿಸುವ ಹೊಣೆಯನ್ನು ಫೋಟೊ ತೊಳೆಯುವವರಿಗೂ ಹೊರಿಸಿತು. ಆದರೂ ಕಾನೂನಿನ ಕಣ್ಣು ಹೆಚ್ಚಾಗಿ ಅಪರಾಧಿಯ ಮೇಲೆ. ಸಾಧ್ಯವಾದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕೆಂದು ಪೋಕ್ಸೋ ಹೇಳುತ್ತದೆ. ಮಗುವಿನ ಮೈಗೆ ಅಂಥ ಗಡುವಿಲ್ಲ. ತೀರ್ಪು ಬಂದ ಮೇಲೂ ಹೊಟ್ಟೆನೋವು ಉಳಿದಿರುತ್ತದೆ.

ನನ್ನ ತೀರ್ಮಾನ ಇಷ್ಟು: ಈ ಅಧ್ಯಯನ ಸರಿಯಾದ ಪ್ರಶ್ನೆ ಕೇಳಿತು, ಕೇಳಬೇಕಾದ ಎಲ್ಲರನ್ನೂ ಕೇಳಲಿಲ್ಲ. ಮುಂದಿನ ಸಮೀಕ್ಷೆ ಶಾಲೆಯ ಗೇಟು ದಾಟಿ ಬೈನಾಕ್ಕೆ ಹೋಗಲಿ, ಕನ್ನಡದಲ್ಲಿ ಮಾತಾಡಲಿ. ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸ ಒಂದಿದೆ. ಪದೇ ಪದೇ ಹೊಟ್ಟೆನೋವು ಎನ್ನುವ ಮಗುವನ್ನು ಗದರಿಸಬೇಡಿ. ಪಕ್ಕದಲ್ಲಿ ಕೂತು, ಏನಾಯಿತು ಮಗಾ ಎಂದು ಕೇಳಿ. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ.