ಗೋದಲಿಯ ಹಸುರು

ಕರಿಘಟ್ಟದ ಗಿರಿ ಕಾಣುವ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, 1799ರ ಮೈಸೂರು ಯುದ್ಧಾನಂತರ ಇತ್ತ ಬಂದು ಜನರಿಂದ ‘ದೊಡ್ಡಸ್ವಾಮಿ’ ಎನಿಸಿಕೊಂಡ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಹೆಸರಿನ ಇಗರ್ಜಿಯಿದೆ. ಕಬ್ಬಿನ ಕಟಾವು, ಭತ್ತದ ಒಕ್ಕಣೆಗಳ ಡಿಸೆಂಬರಿನಲ್ಲಿ, ಅರೆಗಳಿಗೆಯ ಬಿಡುವಿಲ್ಲದಿದ್ದರೂ, ಇಲ್ಲಿನ ಕನ್ನಡ ಕ್ರೈಸ್ತ ಕುಟುಂಬವು ಗೋದಲಿಯನ್ನು, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿರೂಪವನ್ನು, ಕಟ್ಟುವ ಪರಿಯನ್ನು ನಾನು ಉತ್ತಮ ಕಲೆಯೆಂದೇ ಎಣಿಸುತ್ತೇನೆ. ಕ್ರಿಸ್ಮಸ್ ಹಬ್ಬಕ್ಕೆ ವಾರ ಮುನ್ನ ತಟ್ಟೆಯ ಹಸಿಮಣ್ಣಿನಲ್ಲಿ ಚೆಲ್ಲಿದ ರಾಗಿಯು, ಮಕ್ಕಳು ದಿನವೂ ಚಿಮುಕಿಸುವ ನೀರುಂಡು, ಬೆರಳುದ್ದದ ಎಳೆ ಪೈರಾಗಿ ಬೆಳೆದು, ಬೆತ್ಲೆಹೇಮಿನ ಹುಲ್ಲುಗಾವಲೆನಿಸುವುದು. ಹೊಸ ಭತ್ತದ ಹುಲ್ಲೇ ಕೊಟ್ಟಿಗೆಯ ಸೂರು. ಮೇಲೆ, ಬಿದಿರಸೀಳಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರದೀಪ. ಅಂಗಡಿಯ ಥಳುಕಿನ ಅಲಂಕಾರವಾವುದೂ ಈ ಹಸುರಿಗೆ ಸರಿದೊರೆಯಲ್ಲ. ಕುರುಬರು, ದನಕರುಗಳ ಬೊಂಬೆಗಳೆಲ್ಲ ನೆರೆದರೂ, ಡಿಸೆಂಬರ್ 24ರ ರಾತ್ರಿಯವರೆಗೆ ಬಾಲಯೇಸುವಿನ ಹುಲ್ಲುಹಾಸು ಬರಿದಾಗಿಯೇ ಇರುವುದು.